ಹಿಂದಿನ ಸಾಲಿನಲ್ಲಿ ಅವ್ವ

ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನೆ ಏಳುತ್ತದೆ: ಊರಿಗೆ ಹೊರಟ ಗಾಡಿಯಲ್ಲಿ ಯಾರು ಎಲ್ಲಿ ಕೂಡಬೇಕು? ಮುಂದಿನ ಆಸನ ಮನೆಯ ಯಜಮಾನನದು. ನಡುವಿನ ಸಾಲು ಅಳಿಯಂದಿರದು, ಬೀಗರದು. ಉಳಿದ ಹಿಂದಿನ ಸಾಲು ಮಕ್ಕಳಿಗೆ, ಬುತ್ತಿಯ ಗಂಟಿಗೆ, ಮತ್ತು "ನನಗ ಎಲ್ಲ್ಯಾದ್ರೂ ನಡೀತದ" ಎನ್ನುವ ಹಿರಿಯ ಜೀವಕ್ಕೆ.

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ನಾವು ಏಳು ಮಂದಿ ಹೋದದ್ದೂ ಹೀಗೆಯೇ. ಬಾಡಿಗೆಗೆ ತಂದದ್ದು ಎತ್ತರವಾದ, ನೋಡಲು ಬಲು ಗಂಭೀರವಾದ ಎಸ್‌ಯುವಿ. ಎಪ್ಪತ್ತೆಂಟು ವರ್ಷದ ಅವ್ವ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ಕುಳಿತಳು. ಸಾತಾರಾ ದಾಟಿತು, ಕರಾಡ ದಾಟಿತು, ಕೊಲ್ಹಾಪುರವೂ ದಾಟಿತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ನಿಪ್ಪಾಣಿಯಲ್ಲಿ ಚಹಕ್ಕೆಂದು ಇಳಿದಾಗ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಐದು ತಾಸು ಮೊಣಕಾಲನ್ನು ಎದೆಗೊತ್ತಿಕೊಂಡು ಕುಳಿತಿದ್ದಳಂತೆ! ಮುಂದೆ ಯುಗಾದಿಯ ಹೊತ್ತಿಗೆ, "ಊರಿಗೆ ನೀವೆಲ್ಲಾ ಹೋಗಿ ಬರ್ರಿ, ನಾ ಮನೀ ಕಾಯ್ಕೊಂಡಿರ್ತೀನಿ" ಎಂದುಬಿಟ್ಟಳು. ಧಾರವಾಡದ ಹೆಸರು ಕೇಳಿದರೆ ಮುಖ ಅರಳಿಸುತ್ತಿದ್ದ ಅವ್ವ ಹೀಗೆಂದದ್ದು ಮನೆಮಂದಿಗೆಲ್ಲ ಚುಚ್ಚಿತು.

ಅದೇ ವೇಳೆಗೆ ಚೆನ್ನೈಯಲ್ಲಿರುವ ನನ್ನ ತಮ್ಮ ದೊಡ್ಡ ಗಾಡಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದ. ಬೆಲೆ ಕೇಳಿ ನನ್ನ ಬಾಯಿ ಒಣಗಿತು. ಕೋಟಿ ರೂಪಾಯಿಯ ಆಸುಪಾಸು, ಕೆಲವು ಅದಕ್ಕೂ ಮೇಲೆ! "ಅಣ್ಣಾ, ಮೊದಲ ಅವ್ವನ್ನ ಕರಕೊಂಡು ಹೋಗಿ ಕೂಡಿಸಿ ನೋಡು" ಎಂದ. ಅಳತೆಯ ಟೇಪನ್ನು ಕಿಸೆಯಲ್ಲಿಟ್ಟು, ಅವ್ವನನ್ನು ಕರೆದುಕೊಂಡು ನಾನು ಅಂಗಡಿ ಸುತ್ತತೊಡಗಿದೆ.

ಈ ಪರದೇಶಿ ಹೆಸರಿನ ಗಾಡಿಗಳೆಲ್ಲ ನಮ್ಮ ಅಕ್ಕಪಕ್ಕದಲ್ಲಿಯೇ ಜೋಡಣೆಯಾಗುವುದು ನನಗೊಂದು ಸೋಜಿಗ. ಮರ್ಸಿಡಿಸ್ ಜಿಎಲ್‌ಎಸ್ ಪುಣೆಯ ಚಾಕಣದಲ್ಲಿ, ಬಿಎಂಡಬ್ಲ್ಯು ಎಕ್ಸ್‌7 ಚೆನ್ನೈಯ ಬಳಿ, ಆಡಿ ಕ್ಯೂ7 ಛತ್ರಪತಿ ಸಂಭಾಜಿನಗರದಲ್ಲಿ. ವೋಲ್ವೊ ಎಕ್ಸ್‌ಸಿ90 ಗಾಡಿಯ ಜೋಡಣೆ 2017ರಲ್ಲಿ ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಆರಂಭವಾಯಿತು.

ಮಾರುವವರು ಮೊದಲು ಹೇಳುವುದು ಗಾಡಿಯ ಉದ್ದ. ಆದರೆ ಒಳಗೆ ಕೂಡುವವನಿಗೆ ಅದಕ್ಕಿಂತ ಮುಖ್ಯವಾದದ್ದು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ. ಜನ ಕೂಡುವ ಜಾಗದ ಬಹುಪಾಲು ಅದರೊಳಗೇ ಹೊಂದಬೇಕು. ಈ ಅಂತರ ಜಿಎಲ್‌ಎಸ್‌ನಲ್ಲಿ 3135 ಮಿಲಿಮೀಟರು, ಎಕ್ಸ್‌7ರಲ್ಲಿ 3105, ಎಕ್ಸ್‌ಸಿ90ಯಲ್ಲಿ 2984. ಕ್ಯೂ7ರದು ಮೂರು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಮೊದಲನೆಯದಕ್ಕೂ ವೋಲ್ವೊಗೂ ಇರುವ ವ್ಯತ್ಯಾಸ ಬರೀ 15 ಸೆಂಟಿಮೀಟರು. ಆದರೆ ಆ 15 ಸೆಂಟಿಮೀಟರಿನ ಬೆಲೆ ಗೊತ್ತಾಗುವುದು ಕೊನೆಯ ಸಾಲಿನಲ್ಲಿ ಕುಳಿತವರಿಗೆ. ಮೂರನೆಯ ಸಾಲಿನಲ್ಲಿ 1.94 ಮೀಟರು ಎತ್ತರದವರೂ ಕೂಡಬಹುದೆಂದು ಮರ್ಸಿಡಿಸ್‌ನವರು ಹೇಳುತ್ತಾರೆ. ವೋಲ್ವೊದವರು 170 ಸೆಂಟಿಮೀಟರಿನವರೆಗೆ ಎಂದು ಮಿತಿಯನ್ನು ತಾವೇ ಹೇಳಿಬಿಡುತ್ತಾರೆ. ನನ್ನ ಎತ್ತರ ಐದಡಿ ಎಂಟು ಅಂಗುಲ, ಆ ಮಿತಿಗಿಂತ ತುಸುವೇ ಹೆಚ್ಚು. ಇದ್ದದ್ದನ್ನು ಇದ್ದಂತೆ ಹೇಳಿದ ಅವರ ಬಗ್ಗೆ ನನಗೆ ಗೌರವವೇ ಹುಟ್ಟಿತು.

ಅವ್ವನಿಗೆ ಈ ಅಂಕಿಗಳು ಬೇಕಾಗಿರಲಿಲ್ಲ. ಅವಳ ಪರೀಕ್ಷೆಯೇ ಬೇರೆ. ಒಂದು ಗಾಡಿಯ ಹಿಂದಿನ ಸಾಲಿನಲ್ಲಿ ಅರೆಗಳಿಗೆ ಕುಳಿತು ಕೈ ಚಾಚಿದಳು, ಇಳಿಸು ಎಂಬಂತೆ. "ಇದು ಕುರ್ಚಿ ಅಲ್ಲೋ, ಮಣಿ! ಕುರ್ಚಿ ಮ್ಯಾಲೆ ಕೂತರ ತೊಡಿ ಕೂಡತಾವ. ಮಣಿ ಮ್ಯಾಲೆ ಕೂತರ ಮೊಣಕಾಲು ಏಳತಾವ."

ಎಂಜಿನಿಯರರು ಪುಟಗಟ್ಟಲೆ ಬರೆಯುವುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಹಿಂದಿನ ಗಾಲಿಗಳ ಅಚ್ಚು, ಸ್ಪ್ರಿಂಗು ಮುಂತಾದವುಗಳಿಗೆ ಎಡೆಮಾಡಲು ಗಾಡಿಯ ನೆಲ ಹಿಂಬದಿಗೆ ಮೇಲೇಳುತ್ತದೆ. ಸೂರನ್ನು ಅಷ್ಟೇ ಎತ್ತರಿಸುವಂತಿಲ್ಲ. ಆದ್ದರಿಂದ ಆಸನ ನೆಲಕ್ಕೆ ಹತ್ತಿರವಾಗುತ್ತದೆ. ಆಗ ತೊಡೆಗೆ ಆಧಾರ ತಪ್ಪಿ, ಮೈಯ ಭಾರವೆಲ್ಲ ಕುಂಡೆಯ ಮೇಲೂ ಬೆನ್ನಿನ ಬುಡದ ಮೇಲೂ ಬೀಳುತ್ತದೆ. ಕಾಲು ಚಾಚಲು ಎಷ್ಟು ಜಾಗವಿದ್ದರೇನು, ಆಸನ ಮಣೆಯಾದರೆ ದೂರದ ಪಯಣ ಶಿಕ್ಷೆಯೇ. ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂಡಿಸಿದ ಗಾಡಿಗಳಲ್ಲಿ ನೆಲ ಇನ್ನೂ ಎತ್ತರ. ಮೈಯೂ ಚೌಕಟ್ಟೂ ಒಂದೇ ಆಗಿರುವ ಗಾಡಿಗಳಲ್ಲಿ ನೆಲವನ್ನು ತಗ್ಗಿಸಲು ಸಾಧ್ಯ. ಮೇಲೆ ಹೇಳಿದ ನಾಲ್ಕೂ ಈ ಎರಡನೆಯ ಜಾತಿಯವು.

ಹತ್ತಿಳಿಯುವುದು ಇನ್ನೊಂದು ಕಷ್ಟ. ಜಿಎಲ್‌ಎಸ್‌ನ ನಡುವಿನ ಆಸನಗಳು ಗುಂಡಿಯೊತ್ತಿದರೆ ತಾವೇ ಸರಿದು ದಾರಿ ಬಿಡುತ್ತವೆ. ಎಕ್ಸ್‌7ರ ಗಾಳಿ ಸ್ಪ್ರಿಂಗುಗಳು ಸಾಮಾನು ಹೇರುವಾಗ ಗಾಡಿಯನ್ನು 40 ಮಿಲಿಮೀಟರು ಇಳಿಸಿ, ಮಾವುತನ ಮಾತು ಕೇಳಿದ ಆನೆಯಂತೆ ಬಗ್ಗಿಸುತ್ತವೆ. ಎಕ್ಸ್‌ಸಿ90ಯ ನಡುವಿನ ಸಾಲಿನಲ್ಲಿ ಮೂರು ಬಿಡಿ ಆಸನಗಳಿದ್ದು, ಒಂದೊಂದನ್ನೂ ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಸಬಹುದು. ಇನ್ನು ಸಾಮಾನಿನ ಮಾತು: ಏಳೂ ಮಂದಿ ಕುಳಿತರೆ ಇಷ್ಟು ದೊಡ್ಡ ಜಿಎಲ್‌ಎಸ್‌ನಲ್ಲಿಯೂ ಉಳಿಯುವ ಜಾಗ 355 ಲೀಟರು. ಊರಿನಿಂದ ಬರುವಾಗ ಅಕ್ಕಿ, ಜೋಳ, ಕೆಂಪು ಮೆಣಸಿನಕಾಯಿಯ ಚೀಲ ತರುವ ನಮ್ಮಂಥವರಿಗೆ ಅದು ಸಾಲದು. ಜೊತೆಗೆ ಅದರ ಉದ್ದ 5.2 ಮೀಟರು, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನಿಲ್ಲಿಸಿದರೆ ನೆರೆಯವರೊಡನೆ ಮಾತು ನಿಂತೀತು!

ಕೋಟಿಯ ಗಾಡಿಗಳನ್ನು ನೋಡಿ ದಣಿದ ಮೇಲೆ ನಮ್ಮ ಬಿಡದಿಯ ಕಾರ್ಖಾನೆಯ ಎರಡು ಗಾಡಿಗಳನ್ನೂ ನೋಡಿದೆವು. ಟೊಯೋಟಾ ಫಾರ್ಚುನರ್ ಚೌಕಟ್ಟಿನ ಮೇಲೆ ಕಟ್ಟಿದ್ದು. ಗಾಲಿಗಳ ಅಂತರ 2745 ಮಿಲಿಮೀಟರು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್ ಚೌಕಟ್ಟನ್ನು ಬಿಟ್ಟದ್ದು, ಅಂತರ 2850. ಠೀವಿ ಮೊದಲನೆಯದಕ್ಕೆ, ಅನುಕೂಲ ಎರಡನೆಯದಕ್ಕೆ. ಅವ್ವ ಯಾರ ಕೈಯನ್ನೂ ಹಿಡಿಯದೆ ಹೈಕ್ರಾಸಿನ ನಡುವಿನ ಸಾಲಿಗೆ ಹತ್ತಿ ಕುಳಿತಳು. ಅದರ ಬೆಲೆಯೋ, ಆ ಕೋಟಿಯ ಅರ್ಧಕ್ಕಿಂತಲೂ ಬಹಳ ಕಡಿಮೆ.

ಗಾಡಿ ಕೊಳ್ಳುವ, ಬಾಡಿಗೆಗೆ ತರುವ ಬಂಧುಗಳಿಗೆ ನನ್ನದೊಂದು ವಿನಂತಿ. ಮುಂದಿನ ಆಸನವನ್ನು ನಡೆಸುವವನಿಗೆ ತಕ್ಕಂತೆ ಮೊದಲು ಸರಿಪಡಿಸಿರಿ. ಅದರ ಹಿಂದೆ ನಡುವಿನ ಸಾಲಿನಲ್ಲಿ ಒಬ್ಬರನ್ನು ಕೂಡಿಸಿರಿ. ಆಮೇಲೆ ಕೊನೆಯ ಸಾಲಿನಲ್ಲಿ ನೀವೇ ಕಾಲು ಗಂಟೆ ಕೂಡಿರಿ. ಮುಂದಿನ ಆಸನಗಳನ್ನೆಲ್ಲ ಸರಿಸಿ ತೋರಿಸಿದರೆ ಯಾವ ಗಾಡಿಯಾದರೂ ಅರಮನೆಯೇ. ಅಂಗಾಲು ನೆಲಕ್ಕೂರಿದಾಗ ತೊಡೆ ಆಸನಕ್ಕೆ ತಾಗಿದರೆ ಅದು ಕುರ್ಚಿ, ಇಲ್ಲವಾದರೆ ಮಣೆ.

ತಮ್ಮ ಇನ್ನೂ ಲೆಕ್ಕ ಹಾಕುತ್ತಿದ್ದಾನೆ. ಮೇ ತಿಂಗಳಲ್ಲಿ ಸೋದರಸೊಸೆಯ ಮದುವೆಗೆಂದು ನಾನು ತಗ್ಗು ನೆಲದ ಗಾಡಿಯೊಂದನ್ನು ಬಾಡಿಗೆಗೆ ತಂದೆ. ಅವ್ವನನ್ನು ನಡುವಿನ ಸಾಲಿನಲ್ಲಿ ಕೂಡಿಸಿ, ಹಿಂದಿನ ಸಾಲಿಗೆ ನಾನು ಹೋದೆ. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ದೀಪಾವಳಿಯಲ್ಲೇ ಏಕೆ ಹೊಳೆಯಲಿಲ್ಲವೋ!

ನಿಪ್ಪಾಣಿಯಲ್ಲಿ ಎಲ್ಲರಿಗಿಂತ ಮೊದಲು ಇಳಿದವಳು ಅವ್ವ. ಬಾಗಿಲ ಬಳಿ ನಿಂತು ನನ್ನತ್ತ ಬಗ್ಗಿ ನೋಡಿ ಕೇಳಿದಳು: "ಎದ್ದು ನಿಲ್ಲಲಿಕ್ಕೆ ಬರ್ತದೇನೋ ನಿನಗ? ಕೈ ಕೊಡಲೇನು?"