ಹದಿನಾರು ಸಲ ಕೂಗಿದರೆ ಏಳುವ ಕಂಪ್ಯೂಟರ್

ಹಂಪಿ ಬಜಾರಿನ ಸಾಲು ಮಂಟಪಗಳ ನಡುವೆ ನಿಂತು ಡಂಗುರ ಹೊಡೆದರೆ ಬೀದಿಗೆಲ್ಲ ಕೇಳಿಸುತ್ತದೆ. ಆದರೆ ಯಾರ ಹೆಸರು ಕೂಗಿದರೋ ಅವರಷ್ಟೇ ಎದ್ದು ಬರುತ್ತಾರೆ. ಮಲಗಿದ ಕಂಪ್ಯೂಟರನ್ನು ದೂರದಿಂದಲೇ ಎಬ್ಬಿಸುವ ‘ವೇಕ್ ಆನ್ ಲ್ಯಾನ್’ ತಂತ್ರವೂ ಹೀಗೆಯೇ.

2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಹೊಸಪೇಟೆಯ ಕಚೇರಿಯೊಂದರಲ್ಲಿ 40 ಕಂಪ್ಯೂಟರ್‌ಗಳಿವೆ ಎನ್ನೋಣ. ಅವುಗಳ ತಂತ್ರಾಂಶವನ್ನು ರಾತ್ರಿ ಹೊತ್ತು ಸರಿಪಡಿಸಬೇಕು. ಎಲ್ಲವನ್ನೂ ಚಾಲೂ ಇಟ್ಟರೆ ವಿದ್ಯುತ್ ದಂಡ. ಆರಿಸಿದರೆ ಯಾರಾದರೂ ಮೇಜಿನಿಂದ ಮೇಜಿಗೆ ಹೋಗಿ ಗುಂಡಿ ಒತ್ತಬೇಕು. ಈ ತೊಡಕಿಗೆ ಉತ್ತರವಾಗಿ 1995ರ ಸುಮಾರಿಗೆ ಎಎಂಡಿ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಗಳು ‘ಮ್ಯಾಜಿಕ್ ಪ್ಯಾಕೆಟ್’ ಎಂಬ ಸಂದೇಶವನ್ನು ರೂಪಿಸಿದವು.

ಸಂದೇಶ ಬಲು ಸರಳ. ಮೊದಲು 255 ಎಂಬ ಸಂಖ್ಯೆ ಆರು ಸಲ. ಇದು ಡಂಗುರದ ಪೆಟ್ಟು. ಬಳಿಕ ಎಬ್ಬಿಸಬೇಕಾದ ಯಂತ್ರದ ಈಥರ್ನೆಟ್ ವಿಳಾಸ 16 ಸಲ. ವಿಳಾಸ ಆರು ಬೈಟ್‌ನದು. ಒಟ್ಟು 102 ಬೈಟ್. ಇಷ್ಟು ಸಲ ಕೂಗಿದ ಮೇಲೆ ಇನ್ನಾವುದೋ ಮಾತನ್ನು ಕರೆಯೆಂದು ತಪ್ಪು ತಿಳಿಯುವ ಸಂಭವ ತೀರ ಕಡಿಮೆ. ಯಂತ್ರ ಆರಿದ್ದರೂ ಅದರ ಈಥರ್ನೆಟ್ ಕಾರ್ಡಿಗೆ ಅಷ್ಟಿಷ್ಟು ವಿದ್ಯುತ್ ಹರಿಯುತ್ತಿರುತ್ತದೆ. ಆ ಕಾರ್ಡೇ ಕಿವಿ.

ಕಿವಿ ತೆರೆದಿಡುವ ಹೊಣೆ ‘ಡ್ರೈವರ್’ನದು. ಬಸ್ಸಿನ ಚಾಲಕನಲ್ಲ, ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ದುಭಾಷಿ ತಂತ್ರಾಂಶ. ಅದಕ್ಕೆ ಮೂರು ಕೆಲಸ. ಕಾರ್ಡು ಯಾವ ಬಗೆಯ ಕರೆಗಳನ್ನು ಗುರುತಿಸಬಲ್ಲದೆಂದು ತಿಳಿಸಬೇಕು. ಬಳಕೆದಾರ ಆರಿಸಿದ್ದನ್ನು ನೆನಪಿಡಬೇಕು. ಯಂತ್ರ ಮಲಗುವ ಮುನ್ನ ಕಾರ್ಡಿನ ರಿಜಿಸ್ಟರಿನಲ್ಲಿ ‘ಕೇಳುತ್ತಿರು’ ಎಂದು ಬರೆಯಬೇಕು. ಕೊನೆಯದು ತಪ್ಪಿದರೆ ಕಾರ್ಡು, ತಂತಿ ಎಲ್ಲ ಸರಿಯಿದ್ದರೂ ಯಂತ್ರ ಏಳುವುದಿಲ್ಲ. ಉಳಿತಾಯದ ಉತ್ಸಾಹದಲ್ಲಿ ಕಾರ್ಡಿನ ವಿದ್ಯುತ್ತನ್ನೇ ಕಡಿದುಹಾಕುವ ಡ್ರೈವರಿನಿಂದಲೂ ಇದೇ ಗತಿ.

ಲಿನಕ್ಸ್‌ನಂಥ ವ್ಯವಸ್ಥೆಯಲ್ಲಿ ಡ್ರೈವರಿನ ಮೂಲ ಬರಹ ಎಲ್ಲರಿಗೂ ಮುಕ್ತ. ಬಲ್ಲವರು ಈ ಸೌಲಭ್ಯವನ್ನು ತಾವೇ ಸೇರಿಸಬಹುದು. ಬೇಕಾಗುವುದು ಹಲವೊಮ್ಮೆ ಕೆಲವೇ ಹತ್ತು ಸಾಲು. ಆದರೆ ಯಾವ ರಿಜಿಸ್ಟರಿನಲ್ಲಿ ಏನು ಬರೆಯಬೇಕೆಂಬ ಕೈಪಿಡಿಯನ್ನು ತಯಾರಕರು ಬಚ್ಚಿಟ್ಟರೆ ಜಾಣರೂ ಕತ್ತಲಲ್ಲಿ ತಡಕಾಡಬೇಕು.

ಒಂದು ಎಚ್ಚರಿಕೆಯೂ ಉಂಟು. ಸಾಮಾನ್ಯವಾಗಿ ಈ ಕರೆಗೆ ಗುಪ್ತಪದವಿಲ್ಲ. ಅದೇ ಜಾಲದಲ್ಲಿದ್ದು ವಿಳಾಸ ಬಲ್ಲ ಯಾರೂ ಎಬ್ಬಿಸಬಹುದು. ಅದೃಷ್ಟವಶಾತ್ ಡಂಗುರದ ಸದ್ದು ಊರ ಗಡಿ ದಾಟದಂತೆ, ಜಾಲದ ರೂಟರುಗಳು ಇಂಥ ಕೂಗನ್ನು ಹೊರಗೆ ಬಿಡುವುದು ಕಡಿಮೆ. ಬೆಂಗಳೂರಿನಲ್ಲಿ ಕುಳಿತು ಹೊಸಪೇಟೆಯ ಯಂತ್ರವನ್ನು ಎಬ್ಬಿಸಬೇಕಾದರೆ, ಅಲ್ಲಿ ಇನ್ನೊಂದು ಯಂತ್ರ ಎಚ್ಚರವಿದ್ದು ಡಂಗುರ ಹೊಡೆಯುವುದೇ ಸುಲಭದ ದಾರಿ.