ಔಟಾದ ಕಾರ್ಡ್ ಮತ್ತೆ ಆಟಕ್ಕೆ: ಮಕ್ಕಳ ಪೋಕಿಮಾನ್ ಕಟ್ಟಿನ ಹಿಂದಿರೋ ಲೆಕ್ಕ ಏನು?

ಪುರವರ: ಪೋಕಿಮಾನ್ ಕಾರ್ಡ್ ಅಂದ್ರೆ ಪ್ಯಾಕೆಟ್ ಹರಿದು, ಚಿತ್ರ ನೋಡಿ, ಜೇಬಲ್ಲಿ ಇಟ್ಟುಕೊಳ್ಳೋ ವಸ್ತು ಅಂತ ಎಷ್ಟೋ ಮನೆಗಳಲ್ಲಿ ತಿಳಿದಿದ್ದಾರೆ. ಮಾರೋ ಅಂಗಡಿಯವರಿಗೂ ಅಷ್ಟೇ ಗೊತ್ತು. ಆದರೆ ಅದು ಇಬ್ಬರು ಎದುರುಬದುರು ಕೂತು ಆಡುವ, ನಿಯಮ ಇರುವ ಆಟ. ಅದರಲ್ಲಿ ಗೆಲ್ಲಬೇಕಾದ್ರೆ ಹೊಳೆಯೋ ಕಾರ್ಡ್ ಜಾಸ್ತಿ ಇದ್ದರೆ ಸಾಲದು. ಎಸೆದ ಕಾರ್ಡನ್ನು ವಾಪಸ್ ತರೋ ದಾರಿ ಕಟ್ಟಿನೊಳಗೇ ಇರಬೇಕು. ಈ ಲೆಕ್ಕ ಗೊತ್ತಿಲ್ಲದೆ ಪ್ಯಾಕೆಟ್ ಮೇಲೆ ಪ್ಯಾಕೆಟ್ ಕೊಂಡರೆ ದುಡ್ಡು ಹೋಗುತ್ತೆ, ಆಡೋಕೆ ಆಗೋ ಕಟ್ಟು ಮಾತ್ರ ಕೈಗೆ ಬರಲ್ಲ.

ಆಟ ಏನು?

ಒಬ್ಬೊಬ್ಬರ ಕಟ್ಟಿನಲ್ಲೂ ಸರಿಯಾಗಿ 60 ಕಾರ್ಡ್ ಇರಬೇಕು. ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಹೆಚ್ಚು ಇರುವಂತಿಲ್ಲ. ಬೇಸಿಕ್ ಎನರ್ಜಿ ಕಾರ್ಡಿಗೆ ಮಾತ್ರ ಈ ಮಿತಿ ಇಲ್ಲ. ಕಲಸಿ 7 ಕಾರ್ಡ್ ಕೈಗೆ ತಗೊಂಡು, 6 ಕಾರ್ಡನ್ನು ಪ್ರೈಜ್ ಅಂತ ಮಗುಚಿ ಬದಿಗಿಡಬೇಕು. ಎದುರಾಳಿಯ ಪೋಕಿಮಾನ್ ಔಟಾದ ಹಾಗೆಲ್ಲ ತಮ್ಮ ಪ್ರೈಜ್ ಎತ್ತಿಕೊಳ್ಳುತ್ತಾ ಹೋಗಬೇಕು. ಆರೂ ಮೊದಲು ಮುಗಿಸಿದವರು ಗೆದ್ದಂತೆ.

ಹೊಡೆಯೋಕೆ ಪೋಕಿಮಾನ್‌ಗೆ ಎನರ್ಜಿ ಬೇಕು. ಕೈಯಿಂದ ಒಂದು ಸರದಿಗೆ ಒಂದೇ ಎನರ್ಜಿ ಹಚ್ಚಬಹುದು. ಬಳಸಿದ ಕಾರ್ಡು, ಔಟಾದ ಪೋಕಿಮಾನು, ಅದಕ್ಕೆ ಹಚ್ಚಿದ್ದ ಎನರ್ಜಿ ಎಲ್ಲವೂ ಪಕ್ಕದ ರಾಶಿಗೆ ಹೋಗುತ್ತೆ. ಇದೇ ಡಿಸ್ಕಾರ್ಡ್ ರಾಶಿ. ಇದು ಮುಖ ಮೇಲಾಗಿಯೇ ಇರುತ್ತೆ, ಇಬ್ಬರೂ ಯಾವಾಗ ಬೇಕಾದರೂ ನೋಡಬಹುದು.

ಇಂಥ ಕಾರ್ಡ್ ಆಟಗಳಿಗೆ ದಾರಿ ಹಾಕಿದ್ದು ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’. 1993ರಲ್ಲಿ ಬಂದ ಆ ಆಟದಲ್ಲಿ ಈ ರಾಶಿಗೆ ‘ಸ್ಮಶಾನ’ ಅಂತಲೇ ಹೆಸರು. ಸ್ಮಶಾನದಿಂದ ಪ್ರಾಣಿಯನ್ನು ಎಬ್ಬಿಸಿ ನೇರ ಮೇಜಿಗೆ ತರೋ ‘ಅನಿಮೇಟ್ ಡೆಡ್’ ಎಂಬ ಕಾರ್ಡ್ ಮೊದಲ ವರ್ಷದಲ್ಲೇ ಇತ್ತು. ಪೋಕಿಮಾನ್ ಕಾರ್ಡ್ ಆಟ 1996ರಲ್ಲಿ ಜಪಾನಿನಲ್ಲಿ ಶುರುವಾಯಿತು. ಹೆಸರು ಬೇರೆ, ಉಪಾಯ ಅದೇ.

ಕಬಡ್ಡಿ ಗೊತ್ತಿದ್ದರೆ ಅರ್ಧ ಗೊತ್ತು

ನಮ್ಮ ಕಡೆ ಕಬಡ್ಡಿ ನೋಡದವರು ಯಾರಿದ್ದಾರೆ? ಔಟಾದ ಆಟಗಾರ ಗೆರೆಯಾಚೆ ಕೂರುತ್ತಾನೆ. ತನ್ನ ತಂಡ ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ಕೂತವರಲ್ಲಿ ಒಬ್ಬ ಎದ್ದು ಒಳಗೆ ಬರುತ್ತಾನೆ. ಹೊರಗೆ ಕೂತವನನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಒಳ್ಳೆ ತಂಡ ಆಡೋದು. ಡಿಸ್ಕಾರ್ಡ್ ರಾಶಿಯನ್ನು ನೋಡಬೇಕಾದದ್ದೂ ಹೀಗೆಯೇ. ಅದನ್ನು ಕಸ ಅನ್ನಬಾರದು, ಗೆರೆಯಾಚೆ ಕೂತ ಆಟಗಾರರು ಅನ್ಕೋಬೇಕು.

ಒಂದು ವ್ಯತ್ಯಾಸ ಇದೆ. ಕಬಡ್ಡಿಯಲ್ಲಿ ಮೊದಲು ಔಟಾದವನು ಮೊದಲು ವಾಪಸ್. ಕಾರ್ಡ್ ಆಟದಲ್ಲಿ ರಾಶಿಯೊಳಗಿಂದ ಬೇಕಾದ್ದನ್ನು ಆರಿಸಿ ತರಬಹುದು. ಒಂದು ಹೋಲಿಕೆಯೂ ಇದೆ. ಕಬಡ್ಡಿಯಲ್ಲಿ ಆಟಗಾರ ವಾಪಸ್ ಬಂದರೂ ಎದುರಾಳಿಗೆ ಸಿಕ್ಕ ಪಾಯಿಂಟ್ ವಾಪಸ್ ಬರಲ್ಲ. ಇಲ್ಲೂ ಔಟಾದ ಪೋಕಿಮಾನ್ ತಂದರೂ ಎದುರಾಳಿ ಎತ್ತಿಕೊಂಡ ಪ್ರೈಜ್ ಎತ್ತಿಕೊಂಡದ್ದೇ.

ವಾಪಸ್ ಬರುವ ದಾರಿ ಎಲ್ಲದಕ್ಕೂ ಒಂದೇ ಅಲ್ಲ. ‘ನೈಟ್ ಸ್ಟ್ರೆಚರ್’ ಎಂಬ ಕಾರ್ಡ್ ರಾಶಿಯಿಂದ ಒಂದು ಪೋಕಿಮಾನ್ ಅಥವಾ ಒಂದು ಬೇಸಿಕ್ ಎನರ್ಜಿಯನ್ನು ನೇರ ಕೈಗೆ ತರುತ್ತೆ. ಅದು ಕಬಡ್ಡಿ ಥರ, ಎದ್ದ ತಕ್ಷಣ ಆಟಕ್ಕೆ. ‘ಸೂಪರ್ ರಾಡ್’ ಪೋಕಿಮಾನ್, ಬೇಸಿಕ್ ಎನರ್ಜಿ ಸೇರಿ 3ರವರೆಗೆ ಎತ್ತಿ ಕಟ್ಟಿಗೆ ಕಲಸುತ್ತೆ. ಅದು ಚೌಕಾಬಾರ ಥರ. ಕಡಿಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಮೊದಲಿಂದ ಹೊರಡಬೇಕಲ್ಲ, ಹಾಗೆ. ಯಾವಾಗ ಕೈಗೆ ಬರುತ್ತೋ ಹೇಳೋಕಾಗಲ್ಲ.

ಕಟ್ಟಿಗೆ ಬೇಕಾದ ಮೂರು ಕೆಲಸ

ಮೊದಲನೆಯದು, ರಾಶಿಗೆ ಹಾಕೋ ಕಾರ್ಡ್. ‘ಅರ್ಥನ್ ವೆಸೆಲ್’ ಆಡಬೇಕಾದರೆ ಕೈಯಿಂದ ಇನ್ನೊಂದು ಕಾರ್ಡ್ ಎಸೆಯಲೇಬೇಕು. ಪ್ರತಿಯಾಗಿ ಕಟ್ಟಿನಿಂದ 2 ಬೇಸಿಕ್ ಎನರ್ಜಿ ಹುಡುಕಿಕೊಳ್ಳಬಹುದು. ‘ಅಲ್ಟ್ರಾ ಬಾಲ್’ಗೆ 2 ಕಾರ್ಡ್ ಎಸೆದರೆ ಒಂದು ಪೋಕಿಮಾನ್ ಸಿಗುತ್ತೆ. ‘ಪ್ರೊಫೆಸರ್ಸ್ ರಿಸರ್ಚ್’ ಆಡಿದರೆ ಕೈಯಲ್ಲಿರೋದೆಲ್ಲ ಎಸೆದು ಹೊಸ 7 ಕಾರ್ಡ್ ತಗೋಬೇಕು. ಹೊಸಬರು ಇದನ್ನೆಲ್ಲ ನಷ್ಟ ಅಂತಾರೆ. ವಾಪಸ್ ತರೋ ದಾರಿ ಇರುವವನಿಗೆ ಅದು ಮುಂಗಡ ಕೊಟ್ಟಂತೆ.

ಎರಡನೆಯದು, ವಾಪಸ್ ತರೋ ಕಾರ್ಡ್. ನೈಟ್ ಸ್ಟ್ರೆಚರ್, ಸೂಪರ್ ರಾಡ್ ಜೊತೆಗೆ ರಾಶಿಯಿಂದ 2 ಬೇಸಿಕ್ ಎನರ್ಜಿಯನ್ನು ಕೈಗೆ ತರೋ ‘ಎನರ್ಜಿ ರಿಟ್ರೀವಲ್’ ಇದೆ. ಎಲ್ಲಕ್ಕಿಂತ ಜೋರು ‘ಪ್ರೊಫೆಸರ್ ಸಾಡಾಸ್ ವೈಟಾಲಿಟಿ’. ಅದು ಏನ್ಷಿಯಂಟ್ ಗುಂಪಿನ 2 ಪೋಕಿಮಾನ್‌ವರೆಗೆ ಒಂದೊಂದು ಬೇಸಿಕ್ ಎನರ್ಜಿಯನ್ನು ರಾಶಿಯಿಂದ ನೇರ ಹಚ್ಚುತ್ತೆ, ಮೇಲೆ 3 ಕಾರ್ಡ್ ಎತ್ತಿಸುತ್ತೆ. ಇದು ಸಪೋರ್ಟರ್ ಕಾರ್ಡ್. ಸಪೋರ್ಟರ್ ಸರದಿಗೆ ಒಂದೇ ಆಡಬಹುದು.

ಮೂರನೆಯದು, ಇದರ ಲಾಭ ಪಡೆಯೋ ಹೊಡೆತಗಾರ. 2024ರಲ್ಲಿ ಬಂದ ‘ರೇಜಿಂಗ್ ಬೋಲ್ಟ್ ಇಎಕ್ಸ್’ ಇದಕ್ಕೆ ಹೇಳಿ ಮಾಡಿಸಿದ ಕಾರ್ಡ್. ಒಂದು ಲೈಟ್ನಿಂಗ್, ಒಂದು ಫೈಟಿಂಗ್ ಎನರ್ಜಿ ಹಚ್ಚಿದ್ದರೆ ಅದರ ದೊಡ್ಡ ಹೊಡೆತ ಸಿದ್ಧ. ಆಗ ತನ್ನ ಎಲ್ಲ ಪೋಕಿಮಾನ್‌ಗಳ ಮೇಲಿರುವ ಬೇಸಿಕ್ ಎನರ್ಜಿಯಲ್ಲಿ ಎಷ್ಟು ಬೇಕಾದರೂ ಎಸೆಯಬಹುದು. ಎಸೆದ ಒಂದೊಂದಕ್ಕೆ 70 ಪೆಟ್ಟು. ಎಸೆಯೋದೇ ಹೊಡೆತ, ಎಸೆದದ್ದೇ ಮುಂದಿನ ಸರದಿಯ ಬಂಡವಾಳ.

ಎರಡು ಸರದಿಯ ಲೆಕ್ಕ

ಮುಂದೆ ಒಂದು ಬೋಲ್ಟ್, ಹಿಂದಿನ ಬೆಂಚಲ್ಲಿ ಇನ್ನೊಂದು ಬೋಲ್ಟ್, ಪಕ್ಕದಲ್ಲಿ ‘ಟೀಲ್ ಮಾಸ್ಕ್ ಓಗರ್‌ಪಾನ್ ಇಎಕ್ಸ್’ ಇದೆ ಅನ್ಕೊಳ್ಳಿ. ಓಗರ್‌ಪಾನ್‌ಗೆ ಸರದಿಗೊಮ್ಮೆ ಕೈಯಿಂದ ಒಂದು ಗ್ರಾಸ್ ಎನರ್ಜಿಯನ್ನು ಹೆಚ್ಚುವರಿಯಾಗಿ ಹಚ್ಚಿಕೊಂಡು ಒಂದು ಕಾರ್ಡ್ ಎತ್ತೋ ಶಕ್ತಿ ಇದೆ.

ಮೊದಲ ಸರದಿ: ವೆಸೆಲ್ ಆಡಿ ಕೈಯಿಂದ ಒಂದು ಲೈಟ್ನಿಂಗ್ ಎಸೆಯಿರಿ. ಕಟ್ಟಿನಿಂದ ಫೈಟಿಂಗ್ ಒಂದು, ಗ್ರಾಸ್ ಒಂದು ಬಂತು. ಸಾಡಾ ಕಾರ್ಡಿನಿಂದ ಎಸೆದ ಲೈಟ್ನಿಂಗ್ ಮುಂದಿನ ಬೋಲ್ಟ್‌ಗೆ. ಕೈಯಿಂದ ಫೈಟಿಂಗ್ ಅದಕ್ಕೇ. ಗ್ರಾಸ್ ಓಗರ್‌ಪಾನ್‌ಗೆ. ಒಟ್ಟು 3 ಎನರ್ಜಿ, ಮೂರೂ ಎಸೆದರೆ 210 ಪೆಟ್ಟು.

ಎರಡನೇ ಸರದಿ: ಮೇಜಿನ ಮೇಲೆ ಎನರ್ಜಿ ಒಂದೂ ಇಲ್ಲ, ನೋಡಿದವರು ಕಥೆ ಮುಗೀತು ಅಂತಾರೆ. ಅಲ್ಟ್ರಾ ಬಾಲ್‌ಗೆ ಇನ್ನೊಂದು ಲೈಟ್ನಿಂಗ್, ಜೊತೆಗೆ ಬೇಡದ ಒಂದು ಕಾರ್ಡ್ ಎಸೆಯಿರಿ. ಈಗ ರಾಶಿಯಲ್ಲಿ ಲೈಟ್ನಿಂಗ್ 2, ಫೈಟಿಂಗ್ 1, ಗ್ರಾಸ್ 1. ಎನರ್ಜಿ ರಿಟ್ರೀವಲ್ ಫೈಟಿಂಗ್, ಗ್ರಾಸ್ ಎರಡನ್ನೂ ಕೈಗೆ ತಂತು. ಸಾಡಾ ಇನ್ನೊಮ್ಮೆ ಆಡಿದರೆ ಎರಡು ಬೋಲ್ಟ್‌ಗೂ ಒಂದೊಂದು ಲೈಟ್ನಿಂಗ್. ಕೈಯಿಂದ ಫೈಟಿಂಗ್ ಮುಂದಿನ ಬೋಲ್ಟ್‌ಗೆ, ಗ್ರಾಸ್ ಓಗರ್‌ಪಾನ್‌ಗೆ. ಒಟ್ಟು 4, ಪೆಟ್ಟು 280. ಹಚ್ಚಿದ ನಾಲ್ಕೂ ರಾಶಿಯಿಂದ ಎದ್ದು ಬಂದವೇ.

ಮಕ್ಕಳ ಬಾಯಲ್ಲಿ ಸದಾ ಕೇಳೋ ಚಾರಿಜಾರ್ಡ್‌ನ ಇಎಕ್ಸ್ ಕಾರ್ಡ್‌ಗೆ 330 ಪೆಟ್ಟು ತಡೆಯೋ ಶಕ್ತಿ. 5 ಎನರ್ಜಿ ಎಸೆದರೆ 350. ಒಂದೇ ಏಟು.

ಯಾವುದು ಎಷ್ಟು ಇರಬೇಕು?

ಮನೆಯಲ್ಲಿ ಕಲಿಯೋಕೆ ಈ ಅಂದಾಜು ಸಾಕು:

- ರೇಜಿಂಗ್ ಬೋಲ್ಟ್ 4, ಓಗರ್‌ಪಾನ್ 4, ಬೇರೆ ಬೇಸಿಕ್ ಪೋಕಿಮಾನ್ 3
- ಎನರ್ಜಿ 13: ಗ್ರಾಸ್ 7, ಲೈಟ್ನಿಂಗ್ 3, ಫೈಟಿಂಗ್ 3
- ಸಾಡಾ 4, ಅರ್ಥನ್ ವೆಸೆಲ್ 4, ಎನರ್ಜಿ ರಿಟ್ರೀವಲ್ 3
- ನೈಟ್ ಸ್ಟ್ರೆಚರ್ 2, ಸೂಪರ್ ರಾಡ್ 1
- ಉಳಿದ 22: ಪೋಕಿಮಾನ್ ಹುಡುಕೋ ಬಾಲ್ ಕಾರ್ಡ್, ಹೊಸ ಕಾರ್ಡ್ ಎತ್ತಿಸೋ ಸಪೋರ್ಟರ್, ಮುಂದಿನ ಪೋಕಿಮಾನನ್ನು ಹಿಂದಕ್ಕೆ ಬದಲಿಸೋ ಕಾರ್ಡ್

ಸಾಡಾ ಯಾಕೆ ನಾಲ್ಕೂ ಬೇಕು? ಕಟ್ಟಿನಲ್ಲಿ ಒಂದೇ ಇದ್ದರೆ ಮೊದಲ 7 ಕಾರ್ಡಿನಲ್ಲಿ ಅದು ಬರೋ ಸಾಧ್ಯತೆ ನೂರಕ್ಕೆ ಸುಮಾರು 12. ನಾಲ್ಕಿದ್ದರೆ ಒಂದಾದರೂ ಬರೋ ಸಾಧ್ಯತೆ ನೂರಕ್ಕೆ 40. ಬೇಸಿಕ್ ಪೋಕಿಮಾನ್‌ಗೂ ಇದೇ ಮಾತು. ಕಟ್ಟಿನಲ್ಲಿ ನಾಲ್ಕೇ ಇದ್ದರೆ ನೂರರಲ್ಲಿ 60 ಸಲ ಮೊದಲ ಕೈಯಲ್ಲಿ ಒಂದೂ ಇರಲ್ಲ. ಹನ್ನೊಂದಿದ್ದರೆ ಅದು 22ಕ್ಕೆ ಇಳಿಯುತ್ತೆ. ಬೇಸಿಕ್ ಇಲ್ಲದ ಕೈ ಬಂದರೆ ತೋರಿಸಿ ಮತ್ತೆ ಕಲಸಬೇಕು, ಎದುರಾಳಿಗೆ ಒಂದು ಕಾರ್ಡ್ ಹೆಚ್ಚು ಸಿಗುತ್ತೆ.

ಎಲ್ಲಿ ಕೈ ಕೊಡುತ್ತೆ?

ಒಂದೇ ಪ್ರತಿ ಇರೋ ಕಾರ್ಡ್ ಮಗುಚಿಟ್ಟ 6 ಪ್ರೈಜ್‌ಗಳಲ್ಲಿ ಸಿಕ್ಕಿಕೊಳ್ಳಬಹುದು. ಹತ್ತು ಆಟಕ್ಕೆ ಒಂದು ಸಲ ಹೀಗಾಗುತ್ತೆ. ಒಂದೇ ಸೂಪರ್ ರಾಡ್ ನಂಬಿ ಎಲ್ಲ ಎಸೆದವನು ಆವತ್ತು ಕೆಟ್ಟ.

ಇನ್ನೊಂದು, ಇಎಕ್ಸ್ ಕಾರ್ಡ್ ಔಟಾದರೆ ಎದುರಾಳಿಗೆ ಒಂದಲ್ಲ, 2 ಪ್ರೈಜ್. ಮೂರು ಬಿದ್ದರೆ ಆರೂ ಮುಗೀತು. ಹಾಗಾಗಿ ಬೋಲ್ಟನ್ನು ಎಷ್ಟು ಸಲ ಎಬ್ಬಿಸಬಹುದು ಅನ್ನೋದಕ್ಕಿಂತ ಎಷ್ಟು ಸಲ ಬೀಳೋಕೆ ಬಿಡಬಹುದು ಅನ್ನೋದೇ ಮುಖ್ಯ ಪ್ರಶ್ನೆ. ಮೂರನೆಯದು, ಕಟ್ಟು ಖಾಲಿಯಾಗಿ ಸರದಿಯ ಮೊದಲ ಕಾರ್ಡ್ ಎತ್ತೋಕೆ ಆಗದಿದ್ದರೆ ಅಲ್ಲೇ ಸೋಲು. ಎತ್ತೋದು, ಎಸೆಯೋದು ಎರಡಕ್ಕೂ ಮಿತಿ ಬೇಕು.

ರಾಶಿ ಮುಖ ಮೇಲಾಗಿ ಇರೋದರಿಂದ ಎದುರಾಳಿಯೂ ಎಣಿಸುತ್ತಿರುತ್ತಾನೆ. ಸಾಡಾ ನಾಲ್ಕೂ ರಾಶಿಗೆ ಬಿದ್ದದ್ದು ಕಂಡರೆ ಅವನಿಗೆ ಧೈರ್ಯ. ನೈಟ್ ಸ್ಟ್ರೆಚರ್, ಸೂಪರ್ ರಾಡ್ ಎರಡೂ ಸಪೋರ್ಟರ್ ಕಾರ್ಡನ್ನು ವಾಪಸ್ ತರಲ್ಲ ಅನ್ನೋದು ಇಬ್ಬರಿಗೂ ನೆನಪಿರಬೇಕು.

ಮನೆಯವರಿಗೆ

60 ಕಾರ್ಡಿನ ಕಟ್ಟಿಗೆ ಒಂದೇ ಕಾರ್ಡ್ ನಾಲ್ಕು ನಾಲ್ಕು ಬೇಕು. ಯಾವ ಕಾರ್ಡ್ ಬರುತ್ತೋ ಗೊತ್ತಿಲ್ಲದ ಪ್ಯಾಕೆಟ್‌ನಿಂದ ಅದನ್ನು ಕೂಡಿಸೋದು ದುಬಾರಿ ದಾರಿ. ಮೊದಲು ಬಿಳಿ ಹಾಳೆ ಕತ್ತರಿಸಿ, ಕಾರ್ಡ್ ಹೆಸರು, ಕೆಲಸ ಬರೆದು 60 ಚೀಟಿ ಮಾಡಿ ಹತ್ತು ಆಟ ಆಡಲಿ. ಕಟ್ಟು ಓಡುತ್ತಾ ಇಲ್ವಾ ಅಂತ ಖರ್ಚಿಲ್ಲದೆ ತಿಳಿಯುತ್ತೆ. ಆಮೇಲೆ ಬೇಕಾದ ಕಾರ್ಡನ್ನಷ್ಟೇ ಬಿಡಿಯಾಗಿ ಕೊಳ್ಳಬಹುದು, ಸ್ನೇಹಿತರ ಹತ್ತಿರ ಬದಲಾಯಿಸಿಕೊಳ್ಳಬಹುದು.

ಊರಾಚೆ ಪಂದ್ಯಕ್ಕೆ ಹೋಗೋದಾದರೆ ಕಾರ್ಡಿನ ಕೆಳಗೆ ಎಡ ಮೂಲೆಯ ಅಕ್ಷರ ನೋಡಬೇಕು. ಹಳೆ ಅಕ್ಷರದ ಕಾರ್ಡುಗಳನ್ನು ಪಂದ್ಯದ ಪಟ್ಟಿಯಿಂದ ಕಾಲಕಾಲಕ್ಕೆ ಕೈಬಿಡುತ್ತಾರೆ. ಸಾಡಾ ಕಾರ್ಡಿನದು ‘ಜಿ’, ರೇಜಿಂಗ್ ಬೋಲ್ಟ್‌ನದು ‘ಎಚ್’. ಮನೆಯಾಟಕ್ಕೆ ಈ ತಕರಾರಿಲ್ಲ.

ಅಂಗಡಿಯವರಿಗೆ

ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡ್, ಅಕ್ಷರ ತಪ್ಪಿರೋ ಕಾರ್ಡ್, ಹಿಂಬದಿಯ ನೀಲಿ ಬಣ್ಣ ಮಾಸಿದಂತಿರೋ ಕಾರ್ಡ್ ಬಂದರೆ ನಕಲಿ ಇರಬಹುದು ಅಂತ ಅನುಮಾನಿಸಬೇಕು. ದಪ್ಪ ಬೇರೆ ಇದ್ದರೆ ಕಲಸಿದಾಗಲೇ ಗೊತ್ತಾಗುತ್ತೆ, ಆಡೋಕೆ ಬರಲ್ಲ. ಸುಳ್ಳು ಟ್ರೇಡ್ ಮಾರ್ಕ್ ಇರುವ ಮಾಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಂ ಪ್ರಕಾರ ಅಪರಾಧ. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ, ಮಾಲು ಇಂಥವರಿಂದ ತಂದೆ ಅಂತ ತೋರಿಸಿದವರಿಗೆ ಅದೇ ಕಲಂನಲ್ಲಿ ರಕ್ಷಣೆಯೂ ಇದೆ. ಹೋಲ್‌ಸೇಲ್‌ನವರ ಹತ್ತಿರ ಬಿಲ್ ಕೇಳಿ ಇಟ್ಟುಕೊಳ್ಳೋದು ಅದಕ್ಕೇ.

ಒಂದು ಮೇಜು, ಎರಡು ಕುರ್ಚಿ ಹಾಕಿ, ಮಕ್ಕಳು ಬೇಡ ಅಂದ ಕಾರ್ಡನ್ನು ಬದಲಾಯಿಸಿಕೊಳ್ಳೋಕೆ ಒಂದು ಡಬ್ಬಿ ಇಟ್ಟರೂ ಸಾಕು. ಒಬ್ಬ ಹುಡುಗ ಬೇಡ ಅಂತ ಬಿಟ್ಟ ಎನರ್ಜಿ ರಿಟ್ರೀವಲ್ ಇನ್ನೊಬ್ಬನ ಕಟ್ಟಿಗೆ ಬೇಕಾಗಿರುತ್ತೆ.