ಹದಿಹರೆಯದ ದವಡೆಕೀಲು: ದೋಷವೆಲ್ಲ ಹಲ್ಲಿನದೇ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದಾಗ ಅಡಿಯಲ್ಲಿ ಚಲಿಸುವುದೇ ದವಡೆಯ ಕೀಲು. ಕೆಳದವಡೆಯ ತುದಿಗೂ ತಲೆಬುರುಡೆಯ ಗುಳಿಗೂ ನಡುವೆ ನಾರಿನ ಒಂದು ತೆಳುಬಿಲ್ಲೆಯಿದೆ. ಬಾಯಿ ಅಗಲಿಸುವಾಗ ಎಲುಬಿನ ತುದಿ ಮೊದಲು ತಿರುಗಿ, ಅನಂತರ ಮುಂದಕ್ಕೆ ಜಾರುತ್ತದೆ. ಬಿಲ್ಲೆ ತನ್ನ ನೆಲೆ ತಪ್ಪಿದ್ದರೆ ಆಗ ಟಕ್ಕೆಂಬ ಸದ್ದಾಗುವುದುಂಟು. ನೋವಾಗಲಿ ಬಿಗಿತವಾಗಲಿ ಇಲ್ಲದ ಬರಿಯ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ನೋವಿನ ಮಾತು ಬೇರೆ.

1934ರಲ್ಲಿ ಅಮೆರಿಕದ ಕಿವಿ-ಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್, ಹಲ್ಲು ಕಳೆದುಕೊಂಡವರಲ್ಲಿ ದವಡೆ ಮಿತಿಮೀರಿ ಮುಚ್ಚಿ ಕೀಲನ್ನು ಒತ್ತುವುದರಿಂದಲೇ ಕಿವಿ ತಲೆಗಳ ನೋವು ಹುಟ್ಟುವುದೆಂದು ವಾದಿಸಿದರು. ಅವರು ಹೇಳಿದ ಅಂಗರಚನೆಯ ಕಾರಣ ಮುಂದೆ ನಿಲ್ಲಲಿಲ್ಲವಾದರೂ ಹಲ್ಲಿನ ಮೇಲಣ ಸಂಶಯ ಮಾತ್ರ ದಶಕಗಳ ಕಾಲ ಉಳಿಯಿತು. ಕಚ್ಚು ಸರಿಪಡಿಸುವ ನೆಪದಲ್ಲಿ ಆರೋಗ್ಯವಂತ ಹಲ್ಲುಗಳನ್ನೂ ಅರೆದದ್ದುಂಟು. ಅರೆದ ಹಲ್ಲು ಮತ್ತೆ ಬೆಳೆಯದು. ಎಳೆಯರ ಮಟ್ಟಿಗಂತೂ ಇದು ಸಣ್ಣ ನಷ್ಟವಲ್ಲ.

ಸ್ವೀಡನ್ನಿನಲ್ಲಿ 12ರಿಂದ 19 ವಯಸ್ಸಿನ ಇಪ್ಪತ್ತೆಂಟು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 4.2ರಷ್ಟು ಮಂದಿ ಈ ನೋವನ್ನು ಹೇಳಿಕೊಂಡರು: ಹುಡುಗಿಯರಲ್ಲಿ ಶೇಕಡ 6, ಹುಡುಗರಲ್ಲಿ 2.7. ಮೈನೆರೆಯುವ ಕಾಲದಿಂದ ಈ ಅಂತರ ಹಿಗ್ಗುತ್ತದೆ. ಹಲ್ಲಿನ ಸಾಲು ಹುಡುಗ ಹುಡುಗಿಯರಲ್ಲಿ ಅಷ್ಟೊಂದು ಭಿನ್ನವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ 11 ವರ್ಷದ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ ನೋಡಿದ, 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತಷ್ಟು ಬೋಧಪ್ರದವಾದುದು. ತಲೆ, ಬೆನ್ನು, ಹೊಟ್ಟೆ ಮೊದಲಾದೆಡೆ ಮೊದಲೇ ನೋವಿದ್ದವರಲ್ಲಿ, ಬದುಕಿನ ಬಗ್ಗೆ ಅತೃಪ್ತಿಯಿದ್ದವರಲ್ಲಿ ದವಡೆಯ ನೋವು ಹೆಚ್ಚಾಗಿ ತಲೆದೋರಿತು. ನೋವು ದವಡೆಯಲ್ಲಿದ್ದರೂ ಅದರ ಬೇರು ಇಡೀ ದೇಹದಲ್ಲಿ, ಮನಸ್ಸಿನಲ್ಲಿ ಹಬ್ಬಿರಬಹುದು. ಹೀಗೆಂದ ಮಾತ್ರಕ್ಕೆ ಹುಡುಗಿಯ ದೂರು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಹಲ್ಲು ಅರೆಯುವಷ್ಟೇ ತಪ್ಪು.

ಹಗಲಲ್ಲಿ ಅರಿವಿಲ್ಲದೆ ಹಲ್ಲು ಕಚ್ಚಿಹಿಡಿಯುವುದು, ಉಗುರು ಕಡಿಯುವುದು, ನಿದ್ರೆಗೇಡು, ಗದ್ದಕ್ಕೆ ಬಿದ್ದ ಪೆಟ್ಟು ಇವೂ ಅಪಾಯದ ಪಟ್ಟಿಯಲ್ಲಿವೆ. ಹಲ್ಲಿಗೆ ತಂತಿ ಕಟ್ಟಿಸುವುದರಿಂದ ಈ ನೋವು ಬರುವುದೂ ಇಲ್ಲ, ಬಾರದಂತೆ ತಡೆದಂತೆಯೂ ಆಗದು. ಮಕ್ಕಳ ಸಂಧಿವಾತ ವಿರಳವಾದರೂ ಎಚ್ಚರ ಬೇಕಾದುದು: ನೋವನ್ನೇ ತೋರದೆ ಕೀಲನ್ನು ಸವೆಸಿ ಕೆಳದವಡೆಯ ಬೆಳವಣಿಗೆಯನ್ನು ಕುಂಠಿಸಬಲ್ಲದು.

ಬಹುಮಂದಿಗೆ ಮೆತ್ತನೆಯ ಆಹಾರ, ಬಿಸಿ ಶಾಖ, ತುಟಿ ಮುಚ್ಚಿದ್ದರೂ ಹಲ್ಲುಗಳನ್ನು ಬಿಡಿಯಾಗಿಡುವ ಅಭ್ಯಾಸ, ಜೊತೆಗೆ ಧೈರ್ಯದ ಮಾತು ಇಷ್ಟೇ ಸಾಕಾಗುತ್ತದೆ. ಆದರೆ ಅಡಕೆ, ಗುಟ್ಕಾ ಅಗಿಯುವ ತರುಣನಿಗೆ ಬಾಯಿ ತೆರೆಯುವುದು ದಿನೇದಿನೇ ಕಷ್ಟವಾಗುತ್ತಿದ್ದರೆ ಕೀಲನ್ನು ದೂರಿ ಕಾಲ ಕಳೆಯಬಾರದು. ಕೆನ್ನೆಯ ಒಳಪದರ ನಾರುಗಟ್ಟುವ ಆ ರೋಗವೇ ಬೇರೆ, ಅದು ಕ್ಯಾನ್ಸರಿಗೆ ತಿರುಗುವ ಸಂಭವವೂ ಉಂಟು.